ಹೊತ್ತು ನೋಡಿ ಉಣ್ಣುವ ಊರು

2024ರ ಮೇ ತಿಂಗಳಲ್ಲಿ ಹೋಟೆಲುಗಳಿಗೆ ದರ್ಜೆ ಕೊಡುವ ಮಿಶೆಲಿನ್ ಸಂಸ್ಥೆ ಮೆಕ್ಸಿಕೊ ದೇಶದ ಊಟದ ಮನೆಗಳಿಗೆ ಮೊದಲ ಸಲ ನಕ್ಷತ್ರ ಹಂಚಿತು. ಅದರಲ್ಲೊಂದು ನಕ್ಷತ್ರ ಹತ್ತಡಿ ಉದ್ದ, ಹತ್ತಡಿ ಅಗಲದ ಅಂಗಡಿಯೊಂದಕ್ಕೆ ಸಿಕ್ಕಿತು. ಅದರ ಹೆಸರು ‘ಎಲ್ ಕಾಲಿಫಾ ದೆ ಲಿಯೋನ್’. ಮೆಕ್ಸಿಕೊ ಸಿಟಿಯ ಸಾನ್ ರಫಾಯೆಲ್ ಬಡಾವಣೆಯಲ್ಲಿ 1968ರಿಂದ ನಡೆಯುತ್ತಿದೆ. ಕೂರಲು ಕುರ್ಚಿಯಿಲ್ಲ. ಸಿಗುವುದು ನಾಲ್ಕೇ ಬಗೆಯ ಟಾಕೊ, ನಾಲ್ಕೂ ಮಾಂಸದವು. ತೆಳ್ಳಗೆ ಸೀಳಿದ ಮಾಂಸಕ್ಕೆ ಉಪ್ಪು ಉದುರಿಸಿ, ನಿಂಬೆಹಣ್ಣು ಹಿಂಡಿ, ಧಗಧಗ ಕಾದ ಕಾವಲಿಯ ಮೇಲೆ ಚಣಕಾಲ ಬಾಡಿಸಿ, ಆಗಷ್ಟೇ ಬೆಂದ ಟೋರ್ಟಿಯಾ ಅನ್ನುವ ಮೆಕ್ಕೆಜೋಳದ ರೊಟ್ಟಿಯ ಮೇಲಿಟ್ಟು ಕೈಗೆ ಕೊಡುತ್ತಾರೆ. ಮೆಕ್ಸಿಕೊದಲ್ಲಿ ಟಾಕೊ ಅಂಗಡಿಯೊಂದಕ್ಕೆ ಅಂಥ ಮಾನ ಸಿಕ್ಕಿದ್ದು ಅದೇ ಮೊದಲು. ಮರುದಿನದಿಂದಲೇ ಅಂಗಡಿ ಮುಂದೆ ಸಾಲು ಬೆಳೆಯಿತು.

ಆ ಊರಿಗೆ ಹೊರಟವರು ಈಗ ಮೊದಲು ಕೇಳುವುದು ಆ ಅಂಗಡಿಯ ವಿಳಾಸವನ್ನು. ಅದರ ಜೊತೆಗೆ ಇನ್ನೂ ನಾಲ್ಕು ಒಳ್ಳೆಯ ಜಾಗಗಳ ಹೆಸರು ಹೇಳಿ ಅನ್ನುತ್ತಾರೆ. ಹೆಸರು ಹೇಳುವುದು ಕಷ್ಟವಲ್ಲ, ಈ ಲೇಖನದಲ್ಲೂ ಹೇಳುತ್ತೇನೆ. ಆದರೆ ಬರೀ ಹೆಸರು ಹಿಡಿದು ಹೋದವರು ಈ ಊರಿನಲ್ಲಿ ಅರ್ಧ ಊಟವನ್ನಷ್ಟೇ ಮಾಡಿ ಬರುತ್ತಾರೆ. ಇಲ್ಲಿ ಒಂದೊಂದು ತಿನಿಸಿಗೆ ಒಂದೊಂದು ಹೊತ್ತಿದೆ, ಕೆಲವಕ್ಕೆ ವಾರವಿದೆ, ಇನ್ನು ಕೆಲವಕ್ಕೆ ತಿಂಗಳಿದೆ. ಬೆಳಗಿನ ತಮಾಲೆಯನ್ನು ಮಧ್ಯಾಹ್ನ ಹುಡುಕಿದರೆ ಅದು ಸಿಗುವ ಮೂಲೆಯೇ ಖಾಲಿಯಿರುತ್ತದೆ. ರಾತ್ರಿಯ ಟಾಕೊವನ್ನು ಮಧ್ಯಾಹ್ನ ಹುಡುಕಿದರೆ ಸಿಕ್ಕೀತು, ರುಚಿ ಸಿಕ್ಕದು. ಎಲ್ಲಿ ಅನ್ನುವುದಕ್ಕಿಂತ ಯಾವಾಗ ಅನ್ನುವುದನ್ನು ಮೊದಲು ತಿಳಿದುಕೊಂಡರೆ ವಿಳಾಸ ತಾನಾಗಿಯೇ ಸಿಗುತ್ತದೆ, ಹೆಸರಿಲ್ಲದ ಅಂಗಡಿಗಳದ್ದೂ ಸಿಗುತ್ತದೆ.

ಬೆಳಿಗ್ಗೆಯಿಂದಲೇ ಶುರು ಮಾಡೋಣ. 2,240 ಮೀಟರ್ ಎತ್ತರದ ಊರಿದು, ಬೆಳಗಿನ ಗಾಳಿ ವರ್ಷವಿಡೀ ತಣ್ಣಗಿರುತ್ತದೆ. ಕೆಲಸಕ್ಕೆ ಹೊರಟ ಜನ ಮೆಟ್ರೊ ನಿಲ್ದಾಣದ ಬಾಗಿಲಲ್ಲಿ ನಿಂತು ಬಿಸಿ ತಮಾಲೆ ತಿನ್ನುತ್ತಾರೆ. ಮೆಕ್ಕೆಜೋಳದ ಹಿಟ್ಟಿಗೆ ಹಂದಿಕೊಬ್ಬು ಕಲಸಿ, ನಡುವೆ ಸಾಲ್ಸಾ ಅನ್ನುವ ಖಾರದ ಹಸಿರು ಚಟ್ನಿ, ಕೋಳಿಮಾಂಸ ಅಥವಾ ಮೆಣಸಿನಕಾಯಿ ಸೀಳು ಇಟ್ಟು, ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ತಿಂಡಿ. ಬಾಳೆಯೆಲೆಯಲ್ಲಿ ಕಟ್ಟಿದ್ದು ವಹಾಕಾ ರಾಜ್ಯದ ಕಡೆಯ ಬಗೆ. ತಮಾಲೆಯನ್ನು ಬನ್ನಿನಂಥ ಬ್ರೆಡ್ಡಿನ ಹೊಟ್ಟೆ ಸೀಳಿ ಇಟ್ಟುಕೊಟ್ಟರೆ ಅದು ‘ಗ್ವಾಹೊಲೋತಾ’. ಹಿಟ್ಟಿನೊಳಗೆ ಹಿಟ್ಟು, ಒಂದು ತಿಂದರೆ ಮಧ್ಯಾಹ್ನದವರೆಗೆ ಹಸಿವೆಯ ಮಾತಿಲ್ಲ. ಕಟ್ಟಡದ ಕೂಲಿಯವರೂ ಕಚೇರಿಯ ಗುಮಾಸ್ತರೂ ಅದನ್ನೇ ತಿನ್ನುತ್ತಾರೆ. ಜೊತೆಗೆ ಆತೋಲೆ ಅನ್ನುವ ಬಿಸಿ ಗಂಜಿ, ಅದಕ್ಕೆ ಚಾಕೊಲೇಟ್ ಬೆರೆಸಿದರೆ ಚಂಪುರ್ರಾದೊ. ಹತ್ತು ಗಂಟೆಯ ಹೊತ್ತಿಗೆ ಪಾತ್ರೆ ಖಾಲಿಯಾಗಿ ಗಾಡಿ ಜಾಗ ಬಿಟ್ಟಿರುತ್ತದೆ. ಸಂಜೆಗೆ ಮತ್ತೆ ಮೂರು ಗಾಲಿಯ ಸೈಕಲ್ಲುಗಳು ಧ್ವನಿವರ್ಧಕದಲ್ಲಿ ಒಂದೇ ಧ್ವನಿಮುದ್ರಿತ ಕೂಗು ಹಾಕುತ್ತಾ ಬೀದಿಬೀದಿ ಸುತ್ತುತ್ತವೆ. ಆ ಕೂಗು ಕೇಳದ ಬಡಾವಣೆ ಆ ಊರಿನಲ್ಲಿಲ್ಲ.

ಕೂತು ನಿಧಾನವಾಗಿ ತಿಂಡಿ ತಿನ್ನಬೇಕೆನ್ನುವವರು ಹಳೇ ಊರಿನ ಪಾಲ್ಮಾ ಬೀದಿಯಲ್ಲಿರುವ ‘ಎಲ್ ಕಾರ್ದೆನಾಲ್’ಗೆ ಹೋಗಬೇಕು. 1969ರಲ್ಲಿ ಶುರುವಾದ ಮನೆತನದ ಹೋಟೆಲು. ನೊರೆ ಬರಿಸಿದ ಬಿಸಿ ಚಾಕೊಲೇಟು, ಕೋಂಚಾ ಅನ್ನುವ ಸಿಹಿ ಬ್ರೆಡ್ಡು, ಅದರ ಮೇಲೆ ಹಾಲಿನ ಕೆನೆ. ಇಷ್ಟಕ್ಕೆ ಬೆಳಿಗ್ಗೆ ಬೇಗ ಹೋಗಿ ಕೂತರೂ ಹೋದ ಶ್ರಮ ಸಾರ್ಥಕ.

ಹತ್ತು ಗಂಟೆ ಕಳೆದ ಮೇಲೆ ಸಂತೆಯ ಹೊತ್ತು. ‘ತಿಯಾಂಗಿಸ್’ ಅನ್ನುವ ವಾರದ ಸಂತೆ ಒಂದೊಂದು ಬಡಾವಣೆಗೆ ಒಂದೊಂದು ದಿನ ಬರುತ್ತದೆ. ಬೀದಿಗೆ ಬೀದಿಯೇ ಬಣ್ಣದ ಟಾರ್ಪಾಲಿನ ಕೆಳಗೆ ಮುಚ್ಚಿಹೋಗುತ್ತದೆ. ತರಕಾರಿ ಸಾಲಿನ ಕೊನೆಯಲ್ಲಿ, ಅಥವಾ ಯಾವುದೋ ಮಾರುಕಟ್ಟೆಯ ಬಾಗಿಲ ಬದಿಯಲ್ಲಿ, ಒಲೆಯ ಮುಂದೆ ಕೂತ ಹೆಂಗಸೊಬ್ಬಳು ಸಿಗುತ್ತಾಳೆ. ಪಕ್ಕದಲ್ಲಿ ಒದ್ದೆಬಟ್ಟೆ ಮುಚ್ಚಿದ ಬುಟ್ಟಿ, ಅದರಲ್ಲಿ ನೀಲಿ ಮೆಕ್ಕೆಜೋಳದ ಹಿಟ್ಟು. ಮೆಕ್ಸಿಕೊ ಊಟದ ಬುಡ ನೋಡಬೇಕೆಂದರೆ ಅಲ್ಲಿ ನಿಲ್ಲಬೇಕು.

ಆಕೆ ನಿಂಬೆಹಣ್ಣಿಗಿಂತ ದೊಡ್ಡ ಉಂಡೆ ಮುರಿದುಕೊಂಡು, ಅಂಗೈಯಲ್ಲಿ ಗುಳಿ ಮಾಡಿ, ಬೇಯಿಸಿ ಅರೆದ ಹುರುಳಿಕಾಯಿ ಬೀಜವನ್ನೋ ದಪ್ಪ ಅವರೆಯಂಥ ಹಾಬಾ ಕಾಳನ್ನೋ ಗಿಣ್ಣನ್ನೋ ಒಳಗಿಟ್ಟು ಬಾಯಿ ಮುಚ್ಚುತ್ತಾಳೆ. ಎರಡು ಕೈ ನಡುವೆ ತಟ್ಟುತ್ತಾ ತಟ್ಟುತ್ತಾ ಎರಡು ತುದಿ ಚೂಪಾದ ದೋಣಿಯ ಆಕಾರಕ್ಕೆ ತರುತ್ತಾಳೆ. ಕೊಮಾಲ್ ಅನ್ನುವ ಅಗಲದ ಹೆಂಚಿನ ಮೇಲೆ ಎಣ್ಣೆಯ ಸೋಂಕಿಲ್ಲದೆ ಎರಡೂ ಮಗ್ಗುಲು ಬೇಯುತ್ತದೆ. ಮೇಲೆ ಸಣ್ಣಗೆ ಹೆಚ್ಚಿ ಬೇಯಿಸಿದ ನೊಪಾಲ್, ಪುಡಿ ಗಿಣ್ಣು, ಸಾಲ್ಸಾ. ಇದು ತ್ಲಕೋಯೊ. ಸ್ಪೇನಿನವರು ಬರುವುದಕ್ಕೆ ಮುಂಚಿನ ತಿನಿಸು. ನೊಪಾಲ್ ಅಂದರೆ ಬೇರೇನಲ್ಲ, ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಬೆಳೆಯುವ ಪಾಪಾಸುಕಳ್ಳಿಯ ಜಾತಿಯದೇ ಎಲೆಯಂಥ ಕಾಂಡ, ಮುಳ್ಳು ತೆಗೆದದ್ದು. ನಮ್ಮಲ್ಲಿ ಬೇಲಿಗಷ್ಟೇ ಉಳಿದ ಕಳ್ಳಿಯನ್ನು ಅಲ್ಲಿ ಹೊಲ ಮಾಡಿ ಬೆಳೆಯುತ್ತಾರೆ. ಊರಿನ ದಕ್ಷಿಣದ ಮಿಲ್ಪಾ ಆಲ್ತಾ ಆಡಳಿತ ವಿಭಾಗದ ಗುಡ್ಡಗಳ ತುಂಬ ಅದೇ ಬೆಳೆ.

ಹಿಟ್ಟಿನ ಬಗ್ಗೆ ಇನ್ನೊಂದಿಷ್ಟು ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಒಣಗಿದ ಮೆಕ್ಕೆಜೋಳವನ್ನು ಸುಣ್ಣ ಕದಡಿದ ನೀರಿನಲ್ಲಿ ಬೇಯಿಸುತ್ತಾರೆ. ಎಲೆಯಡಿಕೆಗೆ ಹಚ್ಚಿಕೊಳ್ಳುವ ಅದೇ ಸುಣ್ಣ. ರಾತ್ರಿಯಿಡೀ ಆ ನೀರಿನಲ್ಲೇ ನೆನೆಯಲು ಬಿಟ್ಟು, ಬೆಳಿಗ್ಗೆ ತೊಳೆದು, ರುಬ್ಬುತ್ತಾರೆ. ಸುಣ್ಣಕ್ಕೆ ಕಾಳಿನ ಸಿಪ್ಪೆ ಸಡಿಲವಾಗುತ್ತದೆ, ಹಿಟ್ಟಿಗೆ ಜಿಗುಟು ಬರುತ್ತದೆ, ಮೈಗೆ ಹತ್ತದೆ ಹೋಗುತ್ತಿದ್ದ ನಿಯಾಸಿನ್ ಅನ್ನುವ ಜೀವಸತ್ವ ಬಿಡುಗಡೆಯಾಗುತ್ತದೆ. ಹೀಗೆ ಬೆಂದ ಕಾಳಿಗೆ ನಿಕ್ಸ್ತಮಾಲ್ ಎಂದು ಹೆಸರು, ಈ ವಿದ್ಯೆ ಸಾವಿರಾರು ವರ್ಷ ಹಳೆಯದು. ಯುರೋಪಿನವರು ಮೆಕ್ಕೆಜೋಳವನ್ನು ಕೊಂಡೊಯ್ದರು, ಸುಣ್ಣದ ವಿದ್ಯೆಯನ್ನು ಬಿಟ್ಟುಹೋದರು. ಅದರ ಬೆಲೆಯನ್ನು ಬಡವರು ತೆತ್ತರು. ಉತ್ತರ ಇಟಲಿಯಲ್ಲಿ, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಬರೀ ಮೆಕ್ಕೆಜೋಳ ತಿಂದು ಬದುಕಿದವರನ್ನು ಪೆಲಾಗ್ರಾ ರೋಗ ಹಿಡಿಯಿತು. ಚರ್ಮ ಸುಲಿದು, ಬುದ್ಧಿ ಕಲಕಿ ಜನ ಸತ್ತರು. ಅದೇ ಕಾಳನ್ನು ಮೂರು ಹೊತ್ತೂ ತಿನ್ನುತ್ತಿದ್ದ ಮೆಕ್ಸಿಕೊದ ರೈತನಿಗೆ ಆ ಕಾಯಿಲೆ ಅಂಟಲಿಲ್ಲ, ಅವನ ಮನೆಯ ಹೆಂಗಸರು ರಾತ್ರಿ ಕಾಳಿಗೆ ಸುಣ್ಣ ಹಾಕಲು ಮರೆಯುತ್ತಿರಲಿಲ್ಲ.

ಈಗ ಊರಿನ ಅನೇಕ ಟೋರ್ಟಿಯಾ ಅಂಗಡಿಗಳು ಕಾರ್ಖಾನೆಯ ಒಣಹಿಟ್ಟಿಗೆ ನೀರು ಬೆರೆಸಿ ಕೆಲಸ ಮುಗಿಸುತ್ತವೆ. ಇದರಿಂದ ಹೊಟ್ಟೆ ತುಂಬುತ್ತದೆ, ರುಚಿ ಮಾತ್ರ ಹೋಗಿರುತ್ತದೆ. ಗುರುತು ಹಿಡಿಯುವುದು ಸುಲಭ. ನಿಕ್ಸ್ತಮಾಲ್ ಹಿಟ್ಟಿನ ಟೋರ್ಟಿಯಾ ಕೊಮಾಲ್ ಮೇಲೆ ಕೊನೆಯ ಸಲ ಮಗುಚಿದಾಗ ಜೋಳದ ರೊಟ್ಟಿಯ ಹಾಗೆ ಬುಸ್ಸನೆ ಉಬ್ಬುತ್ತದೆ. ಮೂಗಿನ ಹತ್ತಿರ ತಂದರೆ ಕಾಳಿನ ವಾಸನೆ ಬರುತ್ತದೆ. ತುಂಬಿ ಮಡಿಸಿದರೂ ಮಡಿಕೆಯಲ್ಲಿ ಬಿರುಕು ಬಿಡುವುದಿಲ್ಲ. ನನ್ನ ಮಟ್ಟಿಗೆ ಒಂದು ಅಂಗಡಿ ಒಳ್ಳೆಯದೋ ಅಲ್ಲವೋ ತೀರ್ಮಾನವಾಗುವುದು ಇಲ್ಲೇ. ಮೇಲಿನ ಮಾಂಸ ಎಷ್ಟೇ ಚೆನ್ನಾಗಿರಲಿ, ಕೆಳಗಿನ ಟೋರ್ಟಿಯಾ ಹಳಸಿದ್ದರೆ ಎರಡನೆಯದನ್ನು ಕೇಳಬಾರದು.

ಮೆಕ್ಕೆಜೋಳದ ಮಾತು ಬಂದಾಗ ನೆನಪಿಸಿಕೊಳ್ಳಬೇಕಾದ ಭಾರತೀಯರೊಬ್ಬರಿದ್ದಾರೆ. ಭಾರತದ ಸ್ವಾತಂತ್ರ್ಯಕ್ಕೆ ಹೋರಾಡಿದ ಗದರ್ ಚಳವಳಿಯ ಪಾಂಡುರಂಗ ಖಾನ್‌ಖೋಜೆ ಬ್ರಿಟಿಷರ ಕಣ್ಣು ತಪ್ಪಿಸಿಕೊಂಡು ಕೊನೆಗೆ ಮೆಕ್ಸಿಕೊ ಸೇರಿದರು. ಚಪಿಂಗೋ ಕೃಷಿ ಶಾಲೆಯಲ್ಲಿ ಪಾಠ ಹೇಳುತ್ತಾ, ಮೆಕ್ಕೆಜೋಳದ ತಳಿಗಳ ಮೇಲೆ ಕೆಲಸ ಮಾಡುತ್ತಾ, ಬಡ ರೈತರ ನಡುವೆ ಬಾಳಿದರು. ಚಿತ್ರಕಾರ ದಿಯೇಗೊ ರಿವೇರಾ ಹಳೇ ಊರಿನ ಶಿಕ್ಷಣ ಸಚಿವಾಲಯದ ಗೋಡೆಯಲ್ಲಿ ಬಡವರಿಗೆ ರೊಟ್ಟಿ ಹಂಚುವ ಚಿತ್ರವೊಂದನ್ನು ಬರೆದಾಗ, ಮೇಜಿನ ತಲೆಯ ಜಾಗದಲ್ಲಿ ಖಾನ್‌ಖೋಜೆಯವರನ್ನು ಕೂರಿಸಿದರು. ಎಲ್ ಕಾರ್ದೆನಾಲ್‌ನಲ್ಲಿ ತಿಂಡಿ ಮುಗಿಸಿದವರು ನಡೆದುಕೊಂಡೇ ಹೋಗಿ ನೋಡಬಹುದು.

ಮಧ್ಯಾಹ್ನದ ಊಟ ಆ ಊರಿನಲ್ಲಿ ದಿನದ ದೊಡ್ಡ ಊಟ. ಎರಡರಿಂದ ನಾಲ್ಕು ಗಂಟೆಯೊಳಗೆ ಅದರ ಹೊತ್ತು. ಹನ್ನೆರಡಕ್ಕೇ ಹೋಗಿ ಬಾಗಿಲು ತಟ್ಟಿದರೆ ಅಡುಗೆ ಇನ್ನೂ ಒಲೆಯ ಮೇಲಿರುತ್ತದೆ. ಪ್ರತಿ ಬಡಾವಣೆಯಲ್ಲೂ ‘ಫೋಂಡಾ’ ಅನ್ನುವ ಪುಟ್ಟ ಊಟದ ಮನೆಗಳಿವೆ, ಸಾಮಾನ್ಯವಾಗಿ ಹೆಂಗಸರೇ ನಡೆಸುವಂಥವು. ಬಾಗಿಲಲ್ಲಿ ಒಂದು ಹಲಗೆ, ಅದರಲ್ಲಿ ಅಂದಿನ ಅಡುಗೆ. ಮೊದಲು ತೆಳು ಸಾರು, ಆಮೇಲೆ ಅನ್ನ ಅಥವಾ ಶಾವಿಗೆ, ಮೂರನೆಯದಾಗಿ ಪಲ್ಯವೋ ಮಾಂಸದ ಗಸಿಯೋ, ಜೊತೆಗೆ ಬೀನ್ಸ್ ಕಾಳು, ಬಟ್ಟೆಯಲ್ಲಿ ಸುತ್ತಿದ ಟೋರ್ಟಿಯಾ, ಒಂದು ಹೂಜಿ ಪಾನಕ. ಹುಣಸೆಹಣ್ಣಿನ ಪಾನಕ ಇರುತ್ತದೆ, ನಮ್ಮ ಪುಂಡಿಯ ಕುಲದ ಗಿಡದ ಕೆಂಪು ಹೂಬಟ್ಟಲು ನೆನೆಸಿದ ‘ಹಮೈಕಾ’ ಇರುತ್ತದೆ. ಎಲ್ಲ ಸೇರಿ ಒಂದೇ ದರ. ಮೆಕ್ಸಿಕೊದವರು ದಿನವೂ ಏನು ಉಣ್ಣುತ್ತಾರೆ ಅನ್ನುವುದು ಇಲ್ಲಿ ತಿಳಿಯುವಷ್ಟು ಇನ್ನೆಲ್ಲೂ ತಿಳಿಯದು. ಪ್ರವಾಸಿಗರ ಪಟ್ಟಿಗಳಲ್ಲಿ ಫೋಂಡಾಗಳ ಹೆಸರೇ ಬರುವುದಿಲ್ಲ. ದೊಡ್ಡ ನಷ್ಟ.

ಕೈ ಸ್ವಲ್ಪ ಬಿಚ್ಚಬಲ್ಲವರಿಗೆ ಎರಡು ಜಾಗ. ಉತ್ತರದ ಆಸ್ಕಪೊತ್ಸಾಲ್ಕೊದಲ್ಲಿರುವ ‘ನಿಕೋಸ್’, 1957ರದು, ಪ್ರವಾಸಿಗರು ಸುಳಿಯದ ಭಾಗದಲ್ಲಿದ್ದುಕೊಂಡೇ ಹಳೆಯ ಮನೆ ಅಡುಗೆಗಳನ್ನು ಶ್ರದ್ಧೆಯಿಂದ ಉಳಿಸಿಕೊಂಡಿದೆ. ರೋಮಾ ಬಡಾವಣೆಯ ‘ಕೊಂತ್ರಾಮಾರ್’, ಗಾಬ್ರಿಯೇಲಾ ಕಾಮಾರಾ 1998ರಲ್ಲಿ ತೆರೆದದ್ದು, ಮೀನಿಗೆ ಹೆಸರುವಾಸಿ. ಒಂದೇ ಮೀನನ್ನು ಬಿಡಿಸಿ ಅರ್ಧಕ್ಕೆ ಕೆಂಪು ಮೆಣಸಿನ ಮಸಾಲೆ, ಇನ್ನರ್ಧಕ್ಕೆ ಹಸಿರು ಸೊಪ್ಪಿನ ಮಸಾಲೆ ಸವರಿ ಸುಡುತ್ತಾರೆ. ಈ ಊರಿನವರಿಗೆ ಮೀನು ಹಗಲಿನ ಊಟ. ಸಮುದ್ರದಿಂದ ರಾತ್ರೋರಾತ್ರಿ ಬಂದದ್ದನ್ನು ಮಧ್ಯಾಹ್ನ ಮುಗಿಸಬೇಕು ಅನ್ನುವ ಹಳೆಯ ರೂಢಿ ಇನ್ನೂ ಉಳಿದಿದೆ.

ಇನ್ನು ವಾರ ನೋಡಿ ತಿನ್ನುವಂಥವು. ಶನಿವಾರ, ಭಾನುವಾರ ಬೆಳಿಗ್ಗೆ ಬಾರ್ಬಕೋವಾ. ಪಕ್ಕದ ಇದಾಲ್ಗೊ ರಾಜ್ಯದ ಅಡುಗೆ. ನೆಲದಲ್ಲಿ ಗುಂಡಿ ತೋಡಿ, ಕೆಂಡ ಮಾಡಿ, ಕುರಿಮಾಂಸವನ್ನು ಕತ್ತಾಳೆ ಜಾತಿಯ ಮಗೇ ಪಟ್ಟೆಗಳಲ್ಲಿ ಸುತ್ತಿ ರಾತ್ರಿಯೆಲ್ಲ ಬೇಯಲು ಬಿಡುತ್ತಾರೆ. ತೊಟ್ಟಿಕ್ಕಿದ ರಸ ಕೆಳಗಿನ ಪಾತ್ರೆಯಲ್ಲಿ ಕಡಲೆ, ಅಕ್ಕಿಯ ಜೊತೆ ಸೇರಿ ಸಾರಾಗುತ್ತದೆ. ಮೊದಲು ಸಾರು, ಆಮೇಲೆ ಮಾಂಸ. ರೋಮಾ ಸುರ್‌ನಲ್ಲಿರುವ ‘ಎಲ್ ಇದಾಲ್ಗೆನ್ಸೆ’ ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ ಬಾಗಿಲು ತೆರೆಯುತ್ತದೆ. ಗುಂಡಿಯ ಅಡುಗೆ ದಿನನಿತ್ಯದ ಅಡುಗೆಯಲ್ಲವಲ್ಲ. ಮಿಚೋಆಕಾನ್ ರಾಜ್ಯದ ಕಡೆಯ ಕಾರ್ನಿತಾಸ್, ಅಂದರೆ ತಾಮ್ರದ ಕೊಪ್ಪರಿಗೆಯಲ್ಲಿ ತನ್ನದೇ ಕೊಬ್ಬಿನಲ್ಲಿ ಬೇಯುವ ಹಂದಿಮಾಂಸ, ಅದೂ ಭಾನುವಾರವೇ ಹೆಚ್ಚು ರುಚಿ. ಇನ್ನು ಗುರುವಾರ ಪೊಸೋಲೆ, ದಪ್ಪಕಾಳಿನ ಮೆಕ್ಕೆಜೋಳದ ಸಾರು. ಗೆರ್ರೆರೊ ರಾಜ್ಯದವರು ಊರಿಗೆ ತಂದ ವಾಡಿಕೆ.

ತಿಂಗಳು ನೋಡಿ ತಿನ್ನಬೇಕಾದದ್ದೂ ಇದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಹೊಸ ಅಕ್ರೋಟು, ದಾಳಿಂಬೆ ಬಂದಾಗ ಮಾತ್ರ ‘ಚೀಲೆಸ್ ಎನ್ ನೊಗಾದಾ’. ತುಂಬಿದ ಮೆಣಸಿನಕಾಯಿಯ ಮೇಲೆ ಬಿಳಿ ಅಕ್ರೋಟಿನ ಗಸಿ, ಕೆಂಪು ದಾಳಿಂಬೆ ಕಾಳು. ಮಳೆಗಾಲದಲ್ಲಿ ತಾಜಾ ‘ವಿತ್ಲಕೋಚೆ’, ತೆನೆಗೆ ಬೂಷ್ಟಿನಂತೆ ಹತ್ತುವ ಕಪ್ಪು ಅಣಬೆ. ಬೇರೆ ದೇಶದ ರೈತರು ಕಿತ್ತೆಸೆಯುವ ರೋಗದ ತೆನೆಗೆ ಇಲ್ಲಿ ಹೆಚ್ಚು ಬೆಲೆ. ಅಕ್ಟೋಬರಿನಲ್ಲಿ ಮಿಲ್ಪಾ ಆಲ್ತಾದ ಸಾನ್ ಪೆದ್ರೊ ಅತೋಕ್ಪಾನ್ ಹಳ್ಳಿಯಲ್ಲಿ ಮೋಲೇ ಜಾತ್ರೆ. ಮೋಲೇ ಅಂದರೆ ಹುರಿದ ಒಣಮೆಣಸಿನಕಾಯಿ, ಎಳ್ಳು, ಬಾದಾಮಿ, ಚಕ್ಕೆ, ಲವಂಗ, ಕೆಲವು ಬಗೆಗಳಲ್ಲಿ ಚಾಕೊಲೇಟ್ ಕೂಡ ಅರೆದು ಮಾಡುವ ದಟ್ಟ ಗಸಿ. ಇಡೀ ಹಳ್ಳಿಯೇ ಅದನ್ನು ಅರೆದು ಮಾರಿ ಬದುಕುತ್ತದೆ. ದೊಡ್ಡ ಹೋಟೆಲುಗಳ ಪೈಕಿ ಎನ್ರಿಕೆ ಓಲ್ವೇರಾ ಅವರ ‘ಪುಹೋಲ್’ ಹಳೆಯ ಮೋಲೇಗೆ ಹೊಸದನ್ನು ಸೇರಿಸಿ ಸೇರಿಸಿ ವರ್ಷಗಟ್ಟಲೆ ಕಾಯಿಸಿದ್ದಕ್ಕೆ ಜಗತ್ಪ್ರಸಿದ್ಧ. ದುಡ್ಡಿದ್ದರೆ ಹೋಗಿ. ಎರಡರಲ್ಲಿ ಒಂದೇ ಆರಿಸು ಎಂದರೆ ನಾನು ಆರಿಸುವುದು ಅತೋಕ್ಪಾನಿನ ಬೀದಿಯನ್ನು. ಬ್ಯಾಡಗಿ ಮಾರುಕಟ್ಟೆಯ ಘಾಟು ಕುಡಿದು ಬೆಳೆದ ಮೂಗಿಗೆ ಆ ಬೀದಿ ಹೊಸದೆನಿಸದು. ಮೆಣಸಿನಕಾಯಿಯ ತವರು ಮೆಕ್ಸಿಕೊ, ಪೋರ್ಚುಗೀಸರ ಹಡಗಿನಲ್ಲಿ ಅದು ನಮ್ಮ ಕರಾವಳಿಗೆ ಬಂದಿಳಿಯಿತು. ಖಾರಕ್ಕಿಂತ ಬಣ್ಣಕ್ಕೆ ಬೇಕಾಗುವ ಮೆಣಸು ಬ್ಯಾಡಗಿಯದಾದರೆ, ಅಲ್ಲಿ ಆ ಕೆಲಸ ಮಾಡುವುದು ಗ್ವಾಹೀಯೊ.

ರಾತ್ರಿಯ ಒಡೆಯ ‘ಅಲ್ ಪಾಸ್ತೋರ್’ ಟಾಕೊ. ಲೆಬನಾನಿನಿಂದ ವಲಸೆ ಬಂದವರು ಶವರ್ಮಾದ ನಿಂತ ಕಂಬಿಯನ್ನು ತಂದರು. ಪ್ವೆಬ್ಲಾ ಊರಿನಲ್ಲಿ ಅದು ಅರಬ್ ಟಾಕೊ ಆಯಿತು. ರಾಜಧಾನಿಗೆ ಬರುವಷ್ಟರಲ್ಲಿ ಕುರಿಯ ಜಾಗಕ್ಕೆ ಹಂದಿ, ಪಿತಾ ರೊಟ್ಟಿಯ ಜಾಗಕ್ಕೆ ಟೋರ್ಟಿಯಾ, ಮಸಾಲೆಗೆ ಗ್ವಾಹೀಯೊ ಮೆಣಸು ಮತ್ತು ಅಚೋಟೆ ಬೀಜದ ಕೆಂಪು ಬಂದು ಕೂತವು. ಹಾಳೆಯಂತೆ ಸೀಳಿದ ಮಾಂಸವನ್ನು ಪದರ ಪದರವಾಗಿ ಪೋಣಿಸಿ ಬುಗುರಿಯಾಕಾರಕ್ಕೆ ತಂದು ಬೆಂಕಿಯ ಮುಂದೆ ನಿಲ್ಲಿಸುತ್ತಾರೆ. ನೆತ್ತಿಯ ಮೇಲೆ ಅನಾನಸು. ಕಂಬಿ ತಿರುಗುತ್ತಿದ್ದಂತೆ ಅಂಚು ಕರಕಲಾದಷ್ಟನ್ನೇ ಟಾಕೊ ಮಾಡುವವನು ಉದ್ದನೆಯ ಚಾಕುವಿನಿಂದ ಮೇಲಿನಿಂದ ಕೆಳಕ್ಕೆ ಸೀಳಿ, ಎಡಗೈಯಲ್ಲಿ ಹಿಡಿದ ಟೋರ್ಟಿಯಾದಲ್ಲಿ ಬೀಳಿಸಿಕೊಳ್ಳುತ್ತಾನೆ. ಆಮೇಲೆ ಚಾಕುವಿನ ತುದಿಯಿಂದ ಅನಾನಸಿಗೆ ಒಂದು ಏಟು. ಚೂರು ಹಾರಿ ಬಂದು ಟಾಕೊ ಮೇಲೇ ಕೂರುತ್ತದೆ. ಈರುಳ್ಳಿ, ಕೊತ್ತಂಬರಿ. ಮುಗಿಯಿತು.

ಇಲ್ಲಿಯೂ ಹೊತ್ತೇ ಮುಖ್ಯ. ಸಂಜೆ ಆರಕ್ಕೆ ಹೋದರೆ ಬುಗುರಿ ಇನ್ನೂ ದಪ್ಪಗಿರುತ್ತದೆ, ಅಂಚು ಸರಿಯಾಗಿ ಕಾದಿರುವುದಿಲ್ಲ. ಒಂಬತ್ತು ದಾಟಿದ ಮೇಲೆ, ಗಿರಾಕಿಗಳು ಮುಗಿಬಿದ್ದು ಚಾಕು ಬಿಡುವಿಲ್ಲದೆ ಆಡುವಾಗ, ಪ್ರತಿ ಸೀಳೂ ನೇರ ಬೆಂಕಿಯಿಂದ ಬರುತ್ತದೆ. ಮೊದಲೇ ಸೀಳಿ ಕಾವಲಿಯ ಮೇಲೆ ರಾಶಿ ಹಾಕಿ ಬೆಚ್ಚಗಿಟ್ಟ ಅಂಗಡಿಯನ್ನು ದಾಟಿ ಮುಂದೆ ಹೋಗಿ. ನಾರ್ವಾರ್ತೆ ಬಡಾವಣೆಯ ‘ಎಲ್ ವಿಲ್ಸಿತೊ’ ಹಗಲು ಕಾರು ರಿಪೇರಿಯ ಗ್ಯಾರೇಜು, ರಾತ್ರಿ ಟಾಕೊ ಅಂಗಡಿ. ಅದರ ಖ್ಯಾತಿ ನ್ಯಾಯವಾದದ್ದು. ಹಳೇ ಊರಿನ ಆಯುಂತಾಮಿಯೆಂತೊ ಬೀದಿಯ ‘ಎಲ್ ವೆಕೀತೊ’ 1959ರದು. ಬೊಲೀವಾರ್ ಬೀದಿಯ ‘ಲೋಸ್ ಕೊಕೂಯೋಸ್’ನಲ್ಲಿ ಪಾಸ್ತೋರ್‌ಗಿಂತ ಸ್ವಾದೇರೊ ಮೇಲು, ದನದ ಹೊಟ್ಟೆಯ ಬದಿಯ ತೆಳು ಮಾಂಸ ಕೊಬ್ಬಿನಲ್ಲಿ ಗಂಟೆಗಟ್ಟಲೆ ಕುದಿಯುತ್ತಾ ಇರುತ್ತದೆ, ಟೋರ್ಟಿಯಾವನ್ನೂ ಅದೇ ಕೊಬ್ಬಿನಲ್ಲಿ ಅದ್ದಿ ಬಿಸಿ ಮಾಡುತ್ತಾರೆ.

ನಿಂತು ತಿನ್ನುವಾಗಿನ ಮರ್ಯಾದೆಗಳು ನನಗೆ ಬಹಳ ಹಿಡಿಸುತ್ತವೆ. ತಟ್ಟೆಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಕೊಡುತ್ತಾರೆ, ತಿಂದ ಮೇಲೆ ಚೀಲ ಮಾತ್ರ ಬದಲಾಗುತ್ತದೆ. ಹೊಸದಾಗಿ ಬಂದು ನಿಂತವನು, ತಿಂದು ಹೊರಟವನು, ಇಬ್ಬರೂ ಪಕ್ಕದವರಿಗೆ ‘ಪ್ರೊವೆಚೊ’ ಎಂದು ಹೇಳುತ್ತಾರೆ, ಊಟ ಮೈಗೆ ಹತ್ತಲಿ ಎಂಬ ಹಾರೈಕೆ. ದುಡ್ಡು ಕೊನೆಗೆ. ಎಷ್ಟು ತಿಂದಿರಿ ಎಂದು ಅಂಗಡಿಯವನು ಕೇಳುತ್ತಾನೆ, ನೀವು ಹೇಳಿದ ಲೆಕ್ಕವೇ ಲೆಕ್ಕ. 92 ಲಕ್ಷ ಜನರಿರುವ ನಗರದಲ್ಲಿ, ಮಧ್ಯರಾತ್ರಿಯ ನೂಕುನುಗ್ಗಲಿನಲ್ಲಿ, ಗುರುತಿಲ್ಲದವನ ಮಾತನ್ನು ನಂಬಿ ವ್ಯಾಪಾರ ನಡೆಯುತ್ತದೆ.

ಸಸ್ಯಾಹಾರಿಗಳಿಗೆ ಒಂದೆರಡು ಮಾತು. ಮಾಂಸ ಬೇಡ ಎಂದರೆ ಸಾಲದು, ಕೋಳಿಯನ್ನು ಅಲ್ಲಿನ ಅನೇಕರು ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೀನ್ಸ್ ಕಾಳಿನಲ್ಲಿ, ತಮಾಲೆಯಲ್ಲಿ ಹಂದಿಕೊಬ್ಬು ಇರುತ್ತದೆ, ಸಿಹಿ ತಮಾಲೆಯಲ್ಲೂ. ಅನ್ನ ಬೆಂದಿರುವುದು ಬಹಳ ಕಡೆ ಕೋಳಿಸಾರಿನಲ್ಲಿ. ‘ಸಿನ್ ಮಾಂತೇಕಾ’, ಕೊಬ್ಬು ಬೇಡ, ಅನ್ನುವ ಎರಡು ಪದ ಕಲಿತು ಹೋಗಿ. ಇಷ್ಟರಿಂದ ಎದೆಗುಂದಬೇಕಿಲ್ಲ. ಸಂತೆಯ ಹೆಂಗಸರ ಹೆಂಚಿನ ಮುಂದೆ ನಿಂತರೆ ತ್ಲಕೋಯೊ ಇದೆ; ಕುಂಬಳದ ಹೂವು, ಅಣಬೆ, ವಿತ್ಲಕೋಚೆ ತುಂಬಿ ಮಡಿಸಿದ ಟೋರ್ಟಿಯಾಗಳು, ಅಂದರೆ ಕೆಸದಿಯಾಗಳಿವೆ. ಈ ಊರಿನ ಕೆಸದಿಯಾದಲ್ಲಿ ಗಿಣ್ಣು ಕಡ್ಡಾಯವಲ್ಲ, ಬೇಕಿದ್ದರೆ ಬಾಯಿಬಿಟ್ಟು ಕೇಳಬೇಕು. ಸುಟ್ಟ ತೆನೆ, ನಿಂಬೆ ಖಾರ ಹಚ್ಚಿದ ಹಣ್ಣು ಎಲ್ಲೆಲ್ಲೂ ಸಿಗುತ್ತವೆ. ರೋಮಾದಲ್ಲಿ ‘ಪೋರ್ ಸಿಯೆಂಪ್ರೆ ವೆಗಾನಾ’ ಅನ್ನುವ ಅಂಗಡಿ ಮಾಂಸದ ಸೋಂಕಿಲ್ಲದ ಟಾಕೊಗಳನ್ನೇ ಮಾರುತ್ತದೆ. ಆದರೂ ಹೆಂಚಿನ ತ್ಲಕೋಯೊ ಮೊದಲು ತಿನ್ನಿ ಎಂದು ಹೇಳುತ್ತೇನೆ. ಅದು ಯಾವುದಕ್ಕೂ ಬದಲಿಯಾಗಿ ಹುಟ್ಟಿದ್ದಲ್ಲ.

ರೋಮಾ, ಕೊಂದೇಸಾ ಬಡಾವಣೆಗಳ ಬಗ್ಗೆ ಇನ್ನೊಂದು ವಿಷಯ ಹೇಳದೆ ಇರಲಾಗದು. 2020ರ ಬಳಿಕ ಅಮೆರಿಕ, ಯುರೋಪಿನಿಂದ ಬಂದು ಮನೆಯಿಂದಲೇ ಕೆಲಸ ಮಾಡುವವರು ಅಲ್ಲಿ ಹೆಚ್ಚಿದರು. ಬಾಡಿಗೆ ಏರಿತು, ಹಳಬರು ಮನೆ ಖಾಲಿ ಮಾಡಬೇಕಾಯಿತು, 2025ರ ಜುಲೈಯಲ್ಲಿ ಜನ ಬೀದಿಗಿಳಿದು ಪ್ರತಿಭಟಿಸಿದರು. ಅವರ ದೂರುಗಳಲ್ಲಿ ಒಂದು, ಹೊರಗಿನವರ ನಾಲಿಗೆಗೆ ಹೆದರಿ ಅಂಗಡಿಗಳು ಸಾಲ್ಸಾದ ಖಾರ ತಗ್ಗಿಸುತ್ತಿವೆ ಎಂಬುದು. ಕೇಳಲು ಸಣ್ಣ ದೂರು, ನನಗೆ ಮಾತ್ರ ಸಣ್ಣದೆನಿಸುವುದಿಲ್ಲ. ಟಾಕೊ ಅಂಗಡಿಯಲ್ಲಿ ಮಾಂಸ ಬೇಯಿಸುವವನಷ್ಟೇ ಮುಖ್ಯ ಸಾಲ್ಸಾ ಅರೆಯುವವನು. ಕನ್ನಡದ ನಾಲಿಗೆಗೆ ಖಾರದ ಭಯವಿಲ್ಲ. ಹೋದಾಗ ಎದುರಿಗಿಟ್ಟ ಕೆಂಪು, ಹಸಿರು ಬಟ್ಟಲುಗಳಲ್ಲಿ ಯಾವುದು ಹೆಚ್ಚು ಖಾರ ಎಂದು ಅಂಗಡಿಯವನನ್ನೇ ಕೇಳಿ, ಅವನು ತೋರಿಸಿದ್ದನ್ನೇ ಧಾರಾಳವಾಗಿ ಹಾಕಿಕೊಳ್ಳಿ. ಎರಡೂ ಸಪ್ಪೆಯಾಗಿದ್ದರೆ ಅಂಗಡಿ ಬದಲಿಸಿ. ಮೆಟ್ರೊದಲ್ಲಿ ನಾಲ್ಕು ನಿಲ್ದಾಣ ಆಚೆಗೆ ಹೋದರೆ ಊರಿನವರೇ ತಿನ್ನುವ ಅಂಗಡಿಗಳು ರಾತ್ರಿ ಎರಡರವರೆಗೂ ತೆರೆದಿರುತ್ತವೆ.